ನಾಗುವಿನ ಉಪ್ಪು

ಹೊಳೆಬಾಗಿಲು ಕಾಲೊನಿಯಲ್ಲಿ ನಾಗು ಯಾರ ಜತೆ ಜಗಳ ಮಾಡಿಲ್ಲ ಎಂದು ಕೇಳಿದರೆ, ಸತ್ತವರ ಜತೆ ಎಂದು ಜನ ಹೇಳುತ್ತಾರೆ. ಅದೂ ಪೂರ್ತಿ ನಿಜವಲ್ಲ. ಗಂಡ, ಕುಷ್ಟ ಎಂಬವನು, ತೀರಿಕೊಂಡು ವರ್ಷಗಳೇ ಕಳೆದಿದ್ದರೂ, ಒಲೆ ಹೊಗೆಯಾಡಿದರೆ ಅವಳು ಮೊದಲು ಬಯ್ಯುವುದು ಅವನನ್ನೇ. ಒಣ ಸೌದೆ ಯಾವುದು ಹಸಿ ಸೌದೆ ಯಾವುದು ಎಂದು ಅವನಿಗೆ ಸಾಯುವ ತನಕ ಗೊತ್ತಾಗಲಿಲ್ಲ ಎಂಬುದು ಅವಳ ದೂರು. ಸೌದೆ ಈಗ ತರುವವಳು ಅವಳೇ. ಅದನ್ನು ಅವಳೆದುರು ಹೇಳುವ ಧೈರ್ಯ ಯಾರಿಗಿದೆ?

ತೊಂಬತ್ತೇಳರ ಮಳೆಗಾಲದಲ್ಲಿ ಕಡಲು ಉಕ್ಕಿ ಬಂದು ದಂಡೆಯ ಸಾಲುಮನೆಗಳನ್ನೆಲ್ಲ ನುಂಗಿತು. ಮನೆ ಕಳೆದುಕೊಂಡವರು ಶಾಲೆಯ ಜಗಲಿಯಲ್ಲಿ ತಿಂಗಳುಗಟ್ಟಲೆ ಬಿದ್ದುಕೊಂಡ ಮೇಲೆ ಪಂಚಾಯ್ತಿಯವರು ಹೊಳೆಯ ಬದಿಯ ಎತ್ತರದ ಜಾಗದಲ್ಲಿ ಕಾಲೊನಿ ಕಟ್ಟಿಸಿದರು. ಎಲ್ಲವೂ ಜೋಡಿಮನೆಗಳು. ನಡುವೆ ಒಂದು ಗೋಡೆ, ಮೇಲೆ ಇಬ್ಬರಿಗೂ ಒಂದೇ ಸ್ಲ್ಯಾಬು. ತೆಂಗಿನ ಮಡಲಿನ ಮಾಡಿನಡಿ ಹುಟ್ಟಿ ಬೆಳೆದವರಿಗೆ ಸಿಮೆಂಟಿನ ಮನೆ! ಕುಂದಾಪುರದಿಂದ ನೆಂಟರು ಬಸ್ಸು ಹತ್ತಿ ನೋಡಲು ಬಂದರು. ಗೋಡೆಗೆ ಬೆರಳಿನಿಂದ ಕುಟ್ಟಿ ನೋಡಿ, ಗಟ್ಟಿ ಉಂಟು ಎಂದು ಸರ್ಟಿಫಿಕೇಟು ಕೊಟ್ಟು, ಊಟ ಮಾಡಿ ಹೋದರು.

ಆಗ ನಾಗುವಿಗೂ ಗೋಡೆಯಾಚೆಯ ಪದ್ದುವಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಇರಲಿಲ್ಲ. ಇಬ್ಬರೂ ಒಂದೇ ಬುಟ್ಟಿಯ ಮೀನು ಹಂಚಿಕೊಂಡು ಮಾರುತ್ತಿದ್ದವರು. ತಮಗೆ ಒಂದೇ ಜೋಡಿಮನೆ ಬೇಕೆಂದು ಪಂಚಾಯ್ತಿ ಬಾಗಿಲಲ್ಲಿ ಒಟ್ಟಿಗೆ ಕೂತು ಹಟ ಹಿಡಿದು ಪಡೆದದ್ದೂ ಅವರೇ. ಆ ಹಟದ ನೆನಪು ಬಂದಾಗಲೆಲ್ಲ ನಾಗು ಈಗ ತನ್ನ ತಲೆಗೇ ಒಂದು ಕುಟ್ಟಿಕೊಳ್ಳುತ್ತಾಳೆ.

ಸ್ಲ್ಯಾಬಿನ ಮೇಲೆ ಉಪ್ಪುಮೀನು ಒಣಗಿಸುವ ಉಪಾಯ ಯಾರದ್ದು ಎಂಬುದು ಈಗ ತೀರ್ಮಾನವಾಗುವ ಹಾಗಿಲ್ಲ. ಇಬ್ಬರೂ ಸೇರಿಯೇ ಶುರು ಮಾಡಿದ್ದು. ದಂಡೆಯಲ್ಲಿ ಒಣಗಿಸಿದರೆ ಮೀನಿಗೆ ಮರಳು, ಅದೇ ಹೊಯ್ಗೆ, ಅಂಟುತ್ತದೆ, ನಾಯಿ ಬಾರದ ಹಾಗೆ ಬೇರೆ ಕಾಯಬೇಕು. ಸ್ಲ್ಯಾಬಿನ ಮೇಲೆ ಆ ಕಾಟವಿಲ್ಲ. ನಾಗುವಿನ ಬಂಗುಡೆ ಹಲ್ಲಿಗೆ ಕರಕರ ಅನ್ನುವುದಿಲ್ಲ ಎಂದು ಹಾಲಾಡಿ ಸಂತೆಯಲ್ಲಿ ಹೆಸರಾಯಿತು. ಮಳೆಗಾಲಕ್ಕೆ ಕೂಡಿಡಲು ಕೆರಾಡಿ ಕಡೆಯವರೂ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಅಷ್ಟರಲ್ಲಿ ಪದ್ದುವಿಗೆ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮೀನಿನ ಬುಟ್ಟಿ ಬಿಟ್ಟಳು. ಬಿಟ್ಟ ಮೇಲೆ ಅವಳಿಗೆ ಮೀನು ನಾರತೊಡಗಿತು.

"ಹೆಣೆ, ಆ ಉಪ್ಪಿನ್ ನೀರ್ ನಮ್ಮನಿ ಬದಿಗ್ ಇಳಿತಿತ್ತ್ ಕಾಣ್," ಎಂದಳು ಪದ್ದು ಒಂದು ದಿನ.

"ಗೇರ್ಬೀಜ ಮುಟ್ಟಿದ್ದೇ ನಿಂಗ್ ಮೂಗ್ ಬಂತಾ?" ಎಂದಳು ನಾಗು.

ಇಷ್ಟೇ. ಆದರೆ ಇಬ್ಬರೂ ಇಂಥ ಮಾತನ್ನು ಮರೆಯುವ ಪೈಕಿಯವರಲ್ಲ.

ಕಾಲೊನಿಯ ಅಂದ ಹತ್ತು ವರ್ಷವೂ ಬಾಳಲಿಲ್ಲ. ಗೋಡೆಗಳಲ್ಲಿ ತೇವ ಏರಿತು, ಚಾವಣಿಯ ಸಿಮೆಂಟು ಹೊಪ್ಪಳೆ ಹೊಪ್ಪಳೆಯಾಗಿ ಉದುರಿತು. ಅನ್ನದ ತಟ್ಟೆಗೆ ಮಣ್ಣು ಬಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ, ಊದಿ ಉಣ್ಣುತ್ತಿದ್ದರು. ಕೈಯಲ್ಲಿ ನಾಲ್ಕು ಕಾಸು ಇದ್ದವರು ಬೇರೆ ಕಡೆ ಹೋದರು. ಪಂಚಾಯ್ತಿಗೆ ಹೋಗಿ ಹೇಳಿದರೆ ನೋಡುವ ಎನ್ನುತ್ತಿದ್ದರು. ಅವರು ನೋಡುವ ಮೊದಲೇ ಒಂದು ಆಷಾಢದ ಮಳೆಯ ಬೆಳಿಗ್ಗೆ, ಗಂಜಿ ಉಣ್ಣುತ್ತ ಕೂತಿದ್ದ ಪದ್ದುವಿನ ಗಂಡ ಚಂದಯ್ಯನ ಹೆಗಲ ಮೇಲೆ ಸ್ಲ್ಯಾಬಿನ ದೊಡ್ಡ ತುಂಡು ಬಿತ್ತು. ಅವನು ಬಲೆ ಎಳೆಯುವುದರಲ್ಲಿ ಹೆಸರಾದವನು. ಆ ಬಲಗೈ ಮತ್ತೆ ಮೇಲೆ ಏಳಲೇ ಇಲ್ಲ.

ಪದ್ದು ಆಸ್ಪತ್ರೆಯಿಂದ ಬಂದವಳೇ ನಾಗುವಿನ ಬಾಗಿಲಲ್ಲಿ ನಿಂತು ಬೊಬ್ಬೆ ಹೊಡೆದಳು. "ನಿನ್ ಉಪ್ಪೇ ನಮ್ಮನಿಯವ್ರ್ ಕೈ ತಿಂದದ್ದ್! ಸ್ಲ್ಯಾಬಿನ್ ಕಬ್ಣ ತಿಂದದ್ದೂ ಅದೇ!"

ಇಡೀ ಕಾಲೊನಿ ಆ ಮಾತನ್ನು ಬಾಚಿಕೊಂಡಿತು. ಯಾಕೆ ಬಾಚಿಕೊಳ್ಳದೆ ಇದ್ದೀತು? ಪಂಚಾಯ್ತಿಗೆ ಅಲೆಯುವುದು ಬೇಡ, ಯಾರಿಗೂ ಕೈ ಮುಗಿಯುವುದು ಬೇಡ, ಬಯ್ಯಲು ಪಕ್ಕದಲ್ಲೇ ನಾಗು ಇದ್ದಾಳೆ. ತಮ್ಮ ಸ್ಲ್ಯಾಬಿನ ಮೇಲೆ ಒಂದು ಸಿಗಡಿ ಚಟ್ಲಿಯನ್ನೂ ಒಣಗಿಸದವರು ಕೂಡ ತಮ್ಮ ಚಾವಣಿಯ ಬಿರುಕು ತೋರಿಸಿ ನಾಗುವಿನ ಹೆಸರು ಹೇಳಿದರು. ನಾಲ್ಕು ಮನೆ ಆಚೆಯ ಗೋಡೆಗೆ ಅವಳ ಉಪ್ಪು ನಡೆದುಕೊಂಡು ಹೋಯಿತೇ ಎಂದು ಒಬ್ಬನೂ ಕೇಳಲಿಲ್ಲ.

ನಾಗು ಅತ್ತಳು. ಅತ್ತದ್ದು ಯಾರಿಗೂ ಕಾಣಿಸಲಿಲ್ಲ. ಮರುದಿನ ತೆಂಗಿನಕಾಯಿ ಹಿಡಿದು ಬೊಬ್ಬರ್ಯನ ಗುಡಿಗೆ ನಡೆದಳು. ಕಡಲಿಗೆ ಹೋಗುವವರ ದೈವ ಅದು, ಅದರ ಎದುರು ಆಡಿದ ಮಾತು ಆಟದ ಮಾತಲ್ಲ. ಜನ ನೋಡುತ್ತಿದ್ದ ಹಾಗೆ ಆಣೆ ಇಟ್ಟಳು: "ಬಿದ್ದದ್ದ್ ನನ್ ಉಪ್ಪಿಂದ ಅಲ್ಲ. ಅಲ್ಲ ಅಂದೇಳಿ ಪದ್ದು ಇದೇ ಗುಡಿ ನಡೆಯಂಗೆ ನಿಂತ್ ಹೇಳುವ ವರಿಗೆ, ಅವ್ಳ್ ಇಪ್ಪು ಮಾಡಿನಡಿ ನಾ ಒಲಿ ಹೊತ್ಸುದಿಲ್ಲೆ."

ಆಣೆಯನ್ನು ಇಡಲು ಒಬ್ಬರು ಸಾಕು. ಬಿಡಿಸಲು ಇಬ್ಬರೂ ಒಟ್ಟಿಗೆ ಹೋಗಿ ಕಾಯಿ ಒಡೆಯಬೇಕು. ಒಬ್ಬರು ಬಾರದಿದ್ದರೆ ಆಣೆ ಹಾಗೇ ಉಳಿಯುತ್ತದೆ. ಸಿಟ್ಟಿನಲ್ಲಿದ್ದ ನಾಗುವಿಗೆ ಇದು ನೆನಪಿರಲಿಲ್ಲ. ಒಂದು ಸ್ಲ್ಯಾಬು, ಎರಡು ಮನೆ: ಪದ್ದುವಿನ ಮಾಡೇ ಅವಳ ಮಾಡು. ಹಾಗಾಗಿ ಸ್ವಂತ ಅಡುಗೆಮನೆ ಬಿಟ್ಟು ಅವಳು ಅಂಗಳಕ್ಕೆ ಬಿದ್ದಳು. ಮೂರು ಕಲ್ಲು, ಮೇಲೊಂದು ತಗಡು. ಮಳೆ ಬಂದರೆ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಸೌಟು. ಪದ್ದು ಪಾತ್ರೆ ತೊಳೆದ ನೀರನ್ನು ನೋಡಿ ನೋಡಿ ಆ ಕಲ್ಲುಗಳ ಬುಡಕ್ಕೇ ಚೆಲ್ಲುತ್ತಿದ್ದಳು. ನಾಗು ಬಂಗುಡೆಯ ತಲೆಗಳನ್ನು ಪದ್ದುವಿನ ಕಿಟಕಿಯಡಿ ಹೂಳುತ್ತಿದ್ದಳು. ಬಯ್ಗುಳ ಎರಡೂ ಕಡೆಯಿಂದ ನಿಲ್ಲಲಿಲ್ಲ. ಕೈ ಬಿದ್ದ ಚಂದಯ್ಯ ಜಗಲಿಯಲ್ಲಿ ಕೂತು ಇದನ್ನೆಲ್ಲ ಕೇಳಿ ಕೇಳಿ, ಒಂದು ವರ್ಷ ಚಳಿಗಾಲದಲ್ಲಿ ತೀರಿಕೊಂಡ. ಆವತ್ತು ನಾಗು ಅಂಗಳದ ಒಲೆ ಹಚ್ಚಲಿಲ್ಲ, ಯಾಕೆಂದು ಕೇಳಿದವರಿಗೆ ಸೌದೆ ಹಸಿ ಎಂದಳು.

ಅದಾಗಿ ಎರಡು ವರ್ಷಕ್ಕೆ ಹೊಸ ಸುದ್ದಿ ಬಂತು. ಕಾಲೊನಿಯನ್ನು ಪೂರ್ತಿ ಕೆಡವಿ ಅದೇ ಜಾಗದಲ್ಲಿ ಮೂರು ಮಾಳಿಗೆಯ ಕಟ್ಟಡ ಕಟ್ಟುತ್ತಾರಂತೆ, ಎಲ್ಲರಿಗೂ ಅದರಲ್ಲೇ ಮನೆಯಂತೆ. ಜನ ಕುಣಿದಾಡಿದರು. ನಾಗು ಮಾತ್ರ ಕುಣಿಯಲಿಲ್ಲ. ಇಷ್ಟು ದಿನ ಆಣೆಗೆ ಅಂಗಳವಾದರೂ ಇತ್ತು. ಇನ್ನು ಇಡೀ ಕಾಲೊನಿಗೆ ಒಂದೇ ಮಾಡು, ಅಂಗಳವೇ ಇಲ್ಲ. ಪದ್ದು ಗುಡಿಗೆ ಬಂದು ಆ ಒಂದು ಮಾತು ಹೇಳದಿದ್ದರೆ ಹೊಸ ಮನೆಯಲ್ಲಿ ನಾಗುವಿಗೆ ಒಂದು ಲೋಟ ಚಾ ಕಾಯಿಸುವ ಹಾಗೂ ಇಲ್ಲ.

ಕಟ್ಟಡ ಏಳುವ ತನಕ ಇರಲು ಎಲ್ಲರೂ ಹೊಳೆಬದಿಯ ತಗಡಿನ ಶೆಡ್ಡುಗಳಿಗೆ ಹೋದ ಮೇಲೆ ಜೆಸಿಬಿ ಬಂತು. ನಾಗು ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದಳು. ಮೊದಲು ಬಿದ್ದದ್ದು ಕಾಲೊನಿಯ ಆ ತುದಿಯ ಗೋವರ್ಧನನ ಮನೆ. ಅಂಗಡಿ ಇಟ್ಟ ಆಸಾಮಿ, ಸ್ಲ್ಯಾಬಿನ ಮೇಲೆ ತುಳಸಿ ಕುಂಡ ಬಿಟ್ಟು ಬೇರೇನೂ ಇಟ್ಟವನಲ್ಲ. ಅವನ ಸ್ಲ್ಯಾಬು ಒಡೆದಾಗ ಕಬ್ಬಿಣದ ಸರಳು ಕೆಂಪು ಪುಡಿಯಾಗಿ ಉದುರಿತು. ಸಿಮೆಂಟಿನೊಳಗೆ ಬೆಳ್ಳಗೆ ಏನೋ ಕಂಡಿತು. ನಾಗು ಬಗ್ಗಿ ಎತ್ತಿದಳು. ಚಿಪ್ಪು! ಹೊಳೆ ಕಡಲಿಗೆ ಸೇರುವಲ್ಲಿ ಸಿಗುವ ಸಣ್ಣ ಚಿಪ್ಪುಗಳು, ತುಂಡಿನ ತುಂಬ. ಕಾಲೊನಿ ಕಟ್ಟಿದ ಕಂತ್ರಾಟುದಾರ ಅಳಿವೆಯ ಉಪ್ಪು ಹೊಯ್ಗೆಯನ್ನು ತೊಳೆಯದೆ ಹಾಗೇ ಸಿಮೆಂಟಿಗೆ ಕಲಸಿದ್ದ. ಉಪ್ಪು ಮನೆಗಳ ಹೊಟ್ಟೆಯಲ್ಲೇ ಇತ್ತು, ಕಟ್ಟಿದ ದಿನದಿಂದ.

ಅವಳು ಆ ತುಂಡನ್ನು ಎದೆಗವಚಿಕೊಂಡು ಪದ್ದುವಿನ ಶೆಡ್ಡಿಗೆ ಓಡಿ, ಬಾಗಿಲಲ್ಲಿ ದಡಕ್ಕನೆ ಹಾಕಿದಳು.

"ಕಾಣ್! ಕಣ್ ಬಿಟ್ಟ್ ಕಾಣ್! ಗೋವರ್ಧನನ ಮನಿದ್!"

ಪದ್ದು ತುಂಡನ್ನು ನೋಡಿದಳು. "ನಂಗೊತ್ತಿತ್ತ್," ಎಂದಳು.

"ಎಂತ ಗೊತ್ತಿತ್ತ್?"

"ಅಳ್ವಿ ಹೊಯ್ಗೆ ಅಂದೇಳಿ. ಇವ್ರಿಗ್ ಪೆಟ್ಟಾದ್ ವಾರವೇ ಇಂಜಿನಿಯರ್ ಬಂದ್ ಕಂಡ್ ಹೇಳಿದ್ರ್."

ನಾಗುವಿಗೆ ಅಷ್ಟು ವರ್ಷ ಮಳೆಯಲ್ಲಿ ನೆನೆದು ಬೇಯಿಸಿದ ಗಂಜಿ ನೆನಪಾಯಿತು.

"ಹಂಗಾರೆ ಬಾ. ಈಗ್ಳೇ ಬಾ. ಬೊಬ್ಬರ್ಯನ ಎದ್ರ್ ನಿಂತ್ ಅದೊಂದ್ ಮಾತ್ ಹೇಳ್."

"ಹೇಳ್ತಿಲ್ಲೆ."

"ಎಂತಕೆ?"

"ಇಂಜಿನಿಯರ್ ಹೋದ. ಕಂತ್ರಾಟಿನವ ಎಲ್ಲಿದ್ದ ಅಂದೇಳಿ ದೇವ್ರಿಗೂ ಗೊತ್ತಿಲ್ಲೆ. ಪಂಚಾಯ್ತಿಗ್ ಹೋಯಿ ಕೂಗ್ರೆ ನಾಳೆ ಬಾ ಅಂತ್ರ್. ನಮ್ಮನಿಯವ್ರ್ ಕೈ ಹೋಯ್ತ್, ಮತ್ತೆ ಅವ್ರೂ ಹೋದ್ರ್." ಪದ್ದುವಿನ ದನಿ ಸೀಳಿತು. "ನಾ ಬೈದ್ರೆ ಎದ್ರ್ ಬಂದ್ ನಿಂತ್ಕಂಬುದ್ ನೀ ಒಬ್ಳೇ. ನಿನ್ನೂ ಬಿಟ್ರೆ ನಾ ಯಾರಿಗ್ ಬೈಯ್ಲಿ?"

ನಾಗುವಿಗೆ ಅಯ್ಯೋ ಪಾಪ ಅನ್ನಿಸಿತು. ಪದ್ದುವಿನ ಬಗ್ಗೆ ಹಾಗೆ ಅನ್ನಿಸಿದ್ದಕ್ಕೇ ಸಿಟ್ಟು ನೆತ್ತಿಗೇರಿತು. ತುಂಡನ್ನು ಅಲ್ಲೇ ಬಿಟ್ಟು ಬಂದಳು.

ಕಟ್ಟಡ ಎದ್ದಿತು, ತಿಳಿಹಳದಿ ಬಣ್ಣ ಬಳಿದರು. ಮನೆ ಹಂಚಲು ಚೀಟಿ ಎತ್ತಿದರು. ಎಲ್ಲರೂ ಬಾಯಿ ಬಿಡುತ್ತಿದ್ದ ನೆಲ ಅಂತಸ್ತಿನ ಮನೆ ನಾಗುವಿಗೆ ಬಂತು. ಅದರ ನೆತ್ತಿಯ ಮೇಲಿನದು ಪದ್ದುವಿಗೆ. ನೆರೆದವರು ಬಿದ್ದು ಬಿದ್ದು ನಕ್ಕರು, ಪಂಚಾಯ್ತಿ ಗುಮಾಸ್ತನೂ ನಕ್ಕ.

ಮನೆ ಒಕ್ಕಲಿನ ದಿನ ಉಳಿದ ಎಲ್ಲ ಮನೆಗಳಲ್ಲೂ ಹಾಲು ಉಕ್ಕಿತು. ನಾಗು ಬೀಗ ತೆಗೆದು ಒಳಗೆ ಹೋದವಳು ಅಡುಗೆಮನೆಯ ಕಟ್ಟೆಯನ್ನು ಅಂಗೈಯಿಂದ ಒಮ್ಮೆ ಒರೆಸಿ ಹೊರಗೆ ಬಂದಳು. ಅಷ್ಟು ಹೊತ್ತಿಗೆ ಬಾಗಿಲಿಗೆ ಒಂದು ಗೂಡ್ಸ್ ರಿಕ್ಷಾ ಬಂದು ನಿಂತಿತು. ಅದರ ತುಂಬ ಮೂಟೆಗಳು. ರಿಕ್ಷಾದವನು ಒಂದೊಂದನ್ನೇ ಒಳಗೆ ಹೊತ್ತು, ಅವಳು ಹೇಳಿದ ಹಾಗೆ ಗೋಡೆಗೂ ಕಂಬಗಳಿಗೂ ಒತ್ತಿ ಪೇರಿಸಿದ.

ಪದ್ದು ಬಾಲ್ಕನಿಯಿಂದ ಬಗ್ಗಿದಳು. "ಹ್ವಾಯ್, ಎಂತ ಅದ್?"

"ಉಪ್ಪ್."

"ಉಪ್ಪಾ? ಮನಿ ಒಳಗಾ?"

"ಒಲಿ ಹೊತ್ಸುದಿಲ್ಲೆ ಅಂದೇಳಿ ಆಣಿ ಇಟ್ಟದ್ದ್. ಉಪ್ಪ್ ಇಡುದಿಲ್ಲೆ ಅಂದೇಳಿ ಇಟ್ಟದ್ದಲ್ಲ." ನಾಗು ಬಾಗಿಲಿಗೆ ಬೀಗ ಜಡಿದು ತಲೆ ಎತ್ತಿದಳು. "ಅಷ್ಟ್ ವರ್ಷ ನೀ ಸುಳ್ಳ್ ಹೇಳ್ದೆ. ಇನ್ ಮನಿ ಬಿದ್ರೆ ಧೈರ್ಯದಂಗ್ ನನ್ ಹೆಸ್ರ್ ಹೇಳ್. ಸುಳ್ಳಾತಿಲ್ಲೆ."

ಮೇಲಿನಿಂದ ಬಯ್ಗುಳ ಶುರುವಾಯಿತು. ನಾಗುವಿನ ಉಪ್ಪು, ಅವಳ ಮೀನು, ಅವಳ ಹುಟ್ಟು, ಒಲೆ ಹಚ್ಚಲೆಂದು ಹೊಳೆಬದಿಯಲ್ಲಿ ಅವಳು ಕೆಡವದೆ ಉಳಿಸಿಕೊಂಡ ತಗಡಿನ ಶೆಡ್ಡು, ಪದ್ದು ಒಂದನ್ನೂ ಬಿಡಲಿಲ್ಲ. ಚಂದಯ್ಯ ಸತ್ತ ಮೇಲೆ ಅವಳ ದನಿ ಅಷ್ಟು ಏರಿದ್ದನ್ನು ಯಾರೂ ಕೇಳಿರಲಿಲ್ಲ. ನಾಗು ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅದು ಮುಗಿಯುವ ತನಕ ನಿಂತು ಕೇಳಿದಳು. ಆಮೇಲೆ ತನ್ನ ಪಾಳಿ ಶುರು ಮಾಡಿದಳು.