ಬಡಾವಣೆಗೆ ಕಾಲುವೆ ತೋಡಿದ ಏಕಾಂತಯ್ಯ

ಕುಂದೂರಿನಿಂದ ಕೆ. ಹೊಸಕೋಟೆಯವರೆಗಿನ ಕಾಫಿ ಎಸ್ಟೇಟುಗಳಲ್ಲಿ ಮೂವತ್ತೆಂಟು ವರ್ಷ ಬಸಿಗಾಲುವೆ ತೋಡಿಸಿದ ಮೇಸ್ತ್ರಿ ಏಕಾಂತಯ್ಯನಿಗೆ, ಇಳಿಜಾರಿನಲ್ಲಿ ನಿಂತು ನೆಲ ನೋಡದೆ ಮಾತಾಡುವವರನ್ನು ಕಂಡರೆ ಆಗುತ್ತಿರಲಿಲ್ಲ. ಅಂಥವರಲ್ಲಿ ಎಸ್ಟೇಟಿನ ಧಣಿಗಳಿದ್ದರು, ಮ್ಯಾನೇಜರುಗಳಿದ್ದರು, ಅವನ ಸ್ವಂತ ಅಳಿಯನೂ ಇದ್ದ. ಯಾರಿಗೂ ಎದುರಾಡುತ್ತಿರಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆಯನ್ನು ಪಕ್ಕಕ್ಕೆ ಉಗಿದು, ಹೂಂ ಎಂದು ಮಳೆಗಾಲಕ್ಕೆ ಕಾಯುತ್ತಿದ್ದ. ಮಳೆ ಬಿದ್ದ ಮೇಲೆ ಅವರ ಮುಖ ನೋಡುವುದೇ ಅವನಿಗೊಂದು ಸುಖ.

ಕೆಲಸ ಬಿಟ್ಟು ಮನೆಯಲ್ಲಿ ಕುಳಿತಿದ್ದಾಗ ಊರ ಕೆರೆಯ ಮೇಲಿನ ಗುಡ್ಡ ಮಾರಾಟವಾಯಿತು. ಕೊಂಡ ಚಂದ್ರಶೇಖರ ಕಾಫಿ ಗಿಡ, ಸಿಲ್ವರ್ ಮರ ಎಲ್ಲ ಕೀಳಿಸಿ, ಕೆರೆ ಕಾಣುವಂತೆ ಅರವತ್ತು ಸೈಟುಗಳಿಗೆ ಗುರುತು ಕಲ್ಲು ನೆಡಿಸಿದ. ಮಳೆನೀರಿನ ಚರಂಡಿ ತೋಡಿಸಲು ಏಕಾಂತಯ್ಯನನ್ನು ಕರೆಸಿದ. ನಕ್ಷೆ ರೇವಂತ್ ಎಂಬ ಎಂಜಿನಿಯರನದು. ಗುಡ್ಡದ ನಡುವೆ ಇಳಿಯುತ್ತಿದ್ದ ಹಳ್ಳಕ್ಕೆ ಮಣ್ಣು ತುಂಬಿ ಅದರ ಮೇಲೆ ನಾಲ್ಕು ಸೈಟು ಮಾಡಿದ್ದರು. ರಸ್ತೆಗಳ ನೀರೆಲ್ಲ ಅಂಚಿನ ಒಂದೇ ಚರಂಡಿಯಲ್ಲಿ ನೆಟ್ಟಗೆ ಕೆರೆಗೆ. ಅಗಲ ಎರಡಡಿ. ಇದು ಯಾವ ಲೆಕ್ಕವೆಂದು ಏಕಾಂತಯ್ಯ ಕೇಳಿದ. ಹತ್ತು ವರ್ಷದ ಮಳೆಯ ಸರಾಸರಿ ಎಂದು ರೇವಂತ್ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ.

“ಇದು ಹಾಸನದ ಮಳೆ ಸಾರ್. ಆಲೂರು ದಾಟಿದ್ಮೇಲೆ ಮಳೆನೇ ಬೇರೆ ಐತೆ.”

“ನೀವು ತೋಡಿ, ಸಾಕು” ಎಂದ ರೇವಂತ್, ಫೋನಿನಿಂದ ಕಣ್ಣೆತ್ತದೆ.

ಏಕಾಂತಯ್ಯ ಪಕ್ಕಕ್ಕೆ ಉಗಿದು ಹೂಂ ಎಂದ. ಚರಂಡಿಯನ್ನು ನಕ್ಷೆಯಲ್ಲಿದ್ದಂತೆಯೇ, ದಾರ ಹಿಡಿದು, ಒಂದಂಗುಲ ಆಚೀಚೆ ಆಗದಂತೆ ತೋಡಿಸಿದ. ಅಷ್ಟು ಅಂದದ, ಅಷ್ಟು ದಡ್ಡ ಕಾಲುವೆಯನ್ನು ಅವನು ಜನ್ಮದಲ್ಲಿ ತೋಡಿರಲಿಲ್ಲ. ನೀರು ಹಳೇ ಹಳ್ಳವನ್ನೇ ಹುಡುಕಿಕೊಂಡು ಬರುತ್ತದೆ, ಕೆಳಗೆ ಗದ್ದೆಯಿದೆ ಎಂದು ಹೆಂಡತಿ ಜಗದಾಂಬ ನೆನಪಿಸಿದಳು. ಈ ಕತ್ತೆಗಳಿಗೆ ಮಳೆಯೇ ಬುದ್ಧಿ ಕಲಿಸಲಿ ಎಂದು ಅವಳ ಬಾಯಿ ಮುಚ್ಚಿಸಿದ.

ಪುನರ್ವಸು ಮಳೆ ಬಿಡದೆ ಹಿಡಿಯಿತು. ಮೂರನೆಯ ಬೆಳಿಗ್ಗೆ ಚರಂಡಿ ಉಕ್ಕಿ, ಸೈಟಿಗೆಂದು ತುಂಬಿದ್ದ ಮಣ್ಣನ್ನೆಲ್ಲ ನೀರು ಬಗೆದುಕೊಂಡು ಹಳ್ಳದ ದಾರಿಯಲ್ಲೇ ಇಳಿಯಿತು. ಚಂದ್ರಶೇಖರನ ಮುಖ ನೋಡೋಣವೆಂದು ಏಕಾಂತಯ್ಯ ಕೊಡೆ ಹಿಡಿದು ಹೋದ. ಚಂದ್ರಶೇಖರ ಅಲ್ಲಿರಲಿಲ್ಲ. ಇದ್ದವಳು ಕೆರೆ ಪಕ್ಕದ ಗದ್ದೆಯ ಮೀನಾಕ್ಷಮ್ಮ. ಅವಳ ಸಸಿಮಡಿಯ ಮೇಲೆ ಮೊಣಕಾಲುದ್ದ ಕೆಂಪು ಮಣ್ಣು ಕುಳಿತಿತ್ತು.

“ನಿಮ್ಗೆ ಗೊತ್ತಿತ್ತಲ್ವಾ ಏಕಾಂತಯ್ಯ” ಎಂದಳು ಆಕೆ. “ಗೊತ್ತಿಲ್ದೋರು ಮಾಡಿದ್ರೆ ಬೈತಿದ್ದೆ.”

ಅವಳ ದನಿ ಏರಲಿಲ್ಲ. ಕೆಸರಿನಲ್ಲಿ ಸಿಕ್ಕ ಕಡ್ಡಿಯನ್ನು ನೋಡುವಂತೆ ಅವನನ್ನು ನೋಡಿ ಅತ್ತ ತಿರುಗಿದಳು. ಆ ನೋಟ ಏಕಾಂತಯ್ಯನಿಗೆ ಹೊಸದಲ್ಲ, ಅದು ಅವನದೇ. ಆದರೆ ಅದು ತನ್ನ ಮೇಲೆ ಬಿದ್ದದ್ದು ಅದೇ ಮೊದಲು.

ಮಾರನೆಯ ದಿನ ಬಸ್ಸು ಹತ್ತಿ ಆಲೂರಿನಲ್ಲಿದ್ದ ಚಂದ್ರಶೇಖರನ ಆಫೀಸಿಗೆ ಹೋದ. ದೊಡ್ಡ ಪೈಪು ಹಾಕಿಸೋಣ ಎಂದು ಚಂದ್ರಶೇಖರ ನಗುತ್ತ ಸಮಾಧಾನ ಹೇಳಿದ.

“ಪೈಪು ಬ್ಯಾಡ. ನಾಲ್ಕು ಸೈಟು ಕಿತ್ತು ಹಳ್ಳಕ್ಕೆ ಜಾಗ ಬುಡಿ. ಇಲ್ಲಾಂದ್ರೆ ಹಳ್ಳ ತೋರ್ಸೋ ಗ್ರಾಮನಕ್ಷೆ ಹಿಡ್ಕೊಂಡು ತಾಲ್ಲೂಕ್ ಆಫೀಸಿಗೆ ಹೋಗ್ತೀನಿ. ತೋಡಿದೋನೇ ನಾನು ಅಂತ ಬರ್ಕೊಡ್ತೀನಿ.”

ಚಂದ್ರಶೇಖರನ ನಗು ನಿಂತಿತು. ವಾರದೊಳಗೆ ಜಾಗ ಬಿಟ್ಟರು. ಏಕಾಂತಯ್ಯ ಹಳ್ಳವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಕಲ್ಲು ಕಟ್ಟಿಸಿ, ಮಣ್ಣು ಕೆರೆಗೆ ಸೇರದಂತೆ ನಡುನಡುವೆ ಗುಂಡಿ ತೋಡಿಸಿದ. ಕೆಲಸ ಮುಗಿದ ಮೇಲೆ ರೇವಂತ್ ಬಂದು ಫೋಟೊ ತೆಗೆದುಕೊಂಡ. ಮರುವಾರ ಅಲ್ಲೊಂದು ಬೋರ್ಡು ಎದ್ದಿತು: ‘ಮಳೆನೀರು ಉದ್ಯಾನ. ವಿನ್ಯಾಸ: ರೇವಂತ್’. ಏಕಾಂತಯ್ಯ ಅದನ್ನು ಓದಿದ. ನಾಚಿಕೆಗೆಟ್ಟ ಮುಂಡೇದು ಎಂದುಕೊಂಡ, ಅಷ್ಟೇ.

ಆಮೇಲೆ ಎಂಟು ದಿನ ಮೀನಾಕ್ಷಮ್ಮನ ಗದ್ದೆಯ ಮಣ್ಣನ್ನು ತಾನೇ ಎಳೆದು ಹಾಕಿದ. ಕುಂದೂರಿನ ನೆಂಟರಿಂದ ಸಸಿ ತಂದುಕೊಟ್ಟ. ನಾಟಿ ತಡವಾದರೂ ಆಯಿತು. ಅಷ್ಟೂ ದಿನ ಅವಳು ಬದುವಿನ ಮೇಲೆ ನಿಂತು ನೋಡಿದಳೇ ಹೊರತು, ಬಂದು ಒಂದು ಲೋಟ ಕಾಫಿ ಕುಡಿದು ಹೋಗಿ ಎನ್ನಲಿಲ್ಲ. ಅವನೂ ಅದನ್ನು ನಿರೀಕ್ಷಿಸಲಿಲ್ಲ.