ತಂತಿಯ ಆಚೆಯ ತುದಿ

ಎರಡು ಮೈಲಿ ತಿರುಗಾಡಿ ಬರುವುದಕ್ಕೂ ಪಟ್ಟಿ ಬರೆದುಕೊಂಡು ಹೊರಡುವವರನ್ನು ನೀವು ಕಂಡಿರದಿದ್ದರೆ ನನ್ನನ್ನು ನೋಡಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಗಂಟೆ ಹೊಡೆದಾಗ ಎದ್ದು ಗಂಟೆ ಹೊಡೆದಾಗ ಕುಳಿತವನಿಗೆ ನಿವೃತ್ತಿಯ ನಂತರ ಗಂಟೆ ಹೊಡೆಯುವವರು ಯಾರೂ ಇಲ್ಲದ್ದರಿಂದ ಆ ಉದ್ಯೋಗವನ್ನೂ ನಾನೇ ವಹಿಸಿಕೊಂಡಿದ್ದೇನೆ. ಐದೂಮುಕ್ಕಾಲಿನ ಕಾಫಿ ಐದು ಐವತ್ತಕ್ಕೆ ಬಂದರೆ ಅದರ ರುಚಿಯೇ ಬೇರೆ ಎಂದು ಮನೆಯಾಕೆಯೊಡನೆ ವಾದಿಸಿ ಉತ್ತರ ಪಡೆದಿದ್ದೇನೆ. ಆ ಉತ್ತರ ಇಲ್ಲಿ ಬೇಡ.

ಇಂಥ ನನ್ನನ್ನು ರೇಡಿಯೋದ ಹುಚ್ಚಿಗೆ ಎಳೆದವರು ನೆರೆಮನೆಯ ರಾಮರಾಯರು. ತಂತಿ ಕಛೇರಿಯಲ್ಲಿ ಜೀವ ಸವೆಸಿದವರು. ಯುದ್ಧಕಾಲದಲ್ಲಿ ರೇಡಿಯೋದಲ್ಲಿ ಸಂದೇಶ ಕಳಿಸುವ ಹವ್ಯಾಸಿಗಳೆಲ್ಲರ ಬಾಯಿ ಕಟ್ಟಿದ್ದ ಸರ್ಕಾರ ಮತ್ತೆ ಪರವಾನಗಿ ಕೊಟ್ಟ ಕೂಡಲೇ, ದಂಡಿನವರು ಬಳಸಿ ಬಿಟ್ಟ ಸೆಟ್ಟೊಂದನ್ನು ತಂದು ರಿಪೇರಿ ಮಾಡಿ, ಭಾನುವಾರಗಳಂದು ಬಯಲಿಗೆ ಹೊರಡತೊಡಗಿದರು. ಇಲ್ಲಿ ಬೆರಳಾಡಿಸಿದರೆ ಮದರಾಸಿನಲ್ಲೊಬ್ಬನ ಕಿವಿ ನಿಮಿರುವುದೆಂದರೆ ಏನು? ನಡುವಿನ ಆಕಾಶದಲ್ಲಿ ಅದು ಹೇಗೆ ಹೋಗುತ್ತದೆ, ಯಾವ ಹಕ್ಕಿಯ ರೆಕ್ಕೆಯ ಸಂದಿಯಲ್ಲಿ ನುಸುಳುತ್ತದೆ? ತಿಳಿಯುವ ಕುತೂಹಲಕ್ಕೆ ನಾನೂ ಜೊತೆಗೂಡಿದೆ. ಸಮಯಪಾಲನೆ ಮತ್ತು ಸುರಕ್ಷತೆ ನನ್ನ ಖಾತೆಗಳು.

ಸುರಕ್ಷತೆಗೆ ಹನ್ನೆರಡು ನಿಯಮ ಬರೆದಿದ್ದೆ. ಗುಡುಗು ಕೇಳಿದೊಡನೆ ಏರಿಯಲ್ ಕಳಚಬೇಕು; ಬ್ಯಾಟರಿಯ ಆಮ್ಲದ ಬಳಿ ನೀರಿನ ತಂಬಿಗೆ ಇರಬೇಕು; ಪೊದೆಯನ್ನು ಕೋಲಿನಿಂದ ಬಡಿದೇ ಕೂರಬೇಕು. ಒಂಬತ್ತನೆಯದು ನನಗೆ ಅಚ್ಚುಮೆಚ್ಚು: ಅರವತ್ತು ದಾಟಿದವರು ಮರ ಹತ್ತಕೂಡದು.

ಆ ಭಾನುವಾರ ಬೆಳಗಿನ ರೈಲಿಗೆ ದೊಡ್ಡಬಳ್ಳಾಪುರದಲ್ಲಿ ಇಳಿದು, ಊರಾಚೆಯ ಹುಣಿಸೆತೋಪಿನಲ್ಲಿ ಠಿಕಾಣಿ ಹೂಡಿದೆವು. ಒಂಬತ್ತನೆಯ ನಿಯಮದಂತೆ ಯಾರೂ ಮರ ಹತ್ತದೆ, ಕೈ ಎಟುಕುವ ಎತ್ತರದಲ್ಲೇ ಏರಿಯಲ್ಲಿನ ತಾಮ್ರದ ತಂತಿಯನ್ನು ಮರದಿಂದ ಮರಕ್ಕೆ ಬಿಗಿದೆವು. ಸಂದೇಶ ಹೊರಡುವಾಗ ಆ ತಂತಿಯ ತುದಿ ಮುಟ್ಟಿದರೆ ಬೆಂಕಿಯಿಲ್ಲದೆ ಚರ್ಮ ಬೇಯುತ್ತದೆ. ರಾಯರ ಹೆಬ್ಬೆರಳಿನಲ್ಲಿ ಅದರ ಬಿಳಿಯ ಗುರುತಿದೆ. ನಾವಿಬ್ಬರೂ ಮುಟ್ಟುವುದಿಲ್ಲವಲ್ಲ, ಮತ್ತೇನು ಭಯ?

ರಾಯರ ಮದರಾಸಿನ ಗೆಳೆಯ ಸರಿಯಾಗಿ ಒಂಬತ್ತಕ್ಕೆ ಕಾದಿರುತ್ತಾನೆ. ಹೆಡ್‌ಫೋನು ಧರಿಸಿ ರಾಯರು ಸಂದೇಶ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟರು. ನಾನು ಗಡಿಯಾರದಲ್ಲಿ ಕಣ್ಣು ನೆಟ್ಟು ಕೈ ಎತ್ತಿ ನಿಂತೆ. ಕೈ ಇಳಿಸಿದರೆ ಒತ್ತಬೇಕೆಂದು ಸಂಕೇತ. ಇನ್ನು ಇಪ್ಪತ್ತು ಸೆಕೆಂಡು ಇರುವಾಗ ತಲೆಯ ಮೇಲಿನ ತಂತಿ ತೂಗಿತು. ಗಾಳಿಯಿಲ್ಲ, ಎಲೆ ಅಲುಗುತ್ತಿಲ್ಲ, ತಂತಿಯೇಕೆ ತೂಗುತ್ತದೆ? ಜೀವನದಲ್ಲಿ ಮೊದಲ ಬಾರಿಗೆ ಗಡಿಯಾರದಿಂದ ಕಣ್ಣು ಕಿತ್ತು ತಂತಿಯಗುಂಟ ನೋಡಿದೆ. ಐವತ್ತು ಹೆಜ್ಜೆಯಾಚೆ, ಮತ್ತೊಂದು ತುದಿಯಲ್ಲಿ ಹೆಂಗಸೊಬ್ಬಳು ಬಣ್ಣದ ನೀರಿನಿಂದ ಈಗಷ್ಟೇ ತೆಗೆದ ರೇಷ್ಮೆ ನೂಲಿನ ಒದ್ದೆ ಲಡಿಗಳನ್ನು ಒಂದೊಂದಾಗಿ ತಂತಿಯ ಮೇಲೆ ಹರವುತ್ತಿದ್ದಳು.

ಕೂಗಿದರೆ ಅವಳು ತಿರುಗುವಳು, ಕೈ ತಂತಿಯಲ್ಲೇ ಉಳಿಯುವುದು, ರಾಯರಿಗಂತೂ ಕೇಳಿಸದು. ಎತ್ತಿದ ಕೈಯನ್ನು ಇಳಿಸುವಂತೆಯೂ ಇಲ್ಲ. ಅದನ್ನು ಹಾಗೆಯೇ ಎತ್ತಿಕೊಂಡು, ಇನ್ನೊಂದು ಕೈಯಿಂದ ರಾಯರ ಮಣಿಕಟ್ಟನ್ನು ಹಿಡಿದೆಳೆದೆ. ಅವರು ಬೆಚ್ಚಿ ಹೆಡ್‌ಫೋನು ಕಿತ್ತರು. ಬ್ಯಾಟರಿ ಕಳಚಿ ಇಬ್ಬರೂ ಅತ್ತ ನಡೆದೆವು. ಒಂಬತ್ತು ದಾಟಿಹೋಯಿತು.

ಆಕೆ ಗಂಗಮ್ಮ, ಹತ್ತಿರದ ಮಗ್ಗದ ಮನೆಯವಳು. ಆ ತೋಪಿನಲ್ಲಿ ನೂಲು ಒಣಹಾಕುವುದು ಆಕೆಯ ಅತ್ತೆಯ ಕಾಲದ ರೂಢಿಯಂತೆ.

"ದಿನಾ ಬಿದಿರಿನ ಗಳ ಕಟ್ತಿದ್ವಿ ಸ್ವಾಮಿ. ಇವತ್ತು ಯಾರೋ ಪುಣ್ಯಾತ್ಮರು ತಂತೀನೇ ಕಟ್ಟವ್ರೆ ಅಂದ್ಕೊಂಡೆ," ಎಂದಳು.

ತಂತಿಯಲ್ಲಿ ಕಾಣದ ಬೆಂಕಿ ಇರುತ್ತದೆಂದಾಗ ಆಕೆ ನಕ್ಕಳು. ರಾಯರು ಹೆಬ್ಬೆರಳು ತೋರಿಸಿದಾಗ ನಗು ನಿಲ್ಲಿಸಿ, ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು.

"ಬೆರಳು ಸುಟ್ರೆ ಎಳೆ ಗಂಟು ಹಾಕೋರ್ಯಾರು? ನಮಗೆ ಹೊಲ ಗದ್ದೆ ಎಲ್ಲಾ ಈ ಬೆರಳೇ ಕಣ್ ಸ್ವಾಮಿ. ಅಲ್ಲ, ಇಷ್ಟು ಕೆಳಗ್ಯಾಕೆ ಕಟ್ಟಿದ್ರಿ?"

ಒಂಬತ್ತನೆಯ ನಿಯಮವನ್ನು ಓದಿ ಹೇಳಿದೆ.

"ನೀವು ಬೀಳ್ಬಾರ್ದು ಅಂತ ನಾವು ಸುಟ್ಕೋಬೇಕಾ?"

ಗಣಿತದ ಮೇಷ್ಟರಾದ ನಾನು ಪಟ್ಟಿಯನ್ನು ಮೊದಲಿನಿಂದ ಕೂಡಿ ನೋಡಿದೆ. ಹನ್ನೆರಡು ನಿಯಮಗಳಲ್ಲಿ ನನ್ನ ತಲೆ, ನನ್ನ ಕಾಲು, ನನ್ನ ಪಂಚೆ ಎಲ್ಲವೂ ಕ್ಷೇಮವಾಗಿದ್ದವು. ಇನ್ನೊಬ್ಬರ ಬೆರಳಿಗೆ ಒಂದು ಸಾಲೂ ಇರಲಿಲ್ಲ.

ಗಂಗಮ್ಮನೇ ಉಪಾಯ ತೋರಿಸಿದಳು. ಮನೆಯಿಂದ ಒಣಗಿದ ರೇಷ್ಮೆಯ ಹುರಿ ತಂದು, ಅದರ ತುದಿಗೆ ಕಲ್ಲು ಕಟ್ಟಿ, ನಮ್ಮಿಬ್ಬರನ್ನೂ ಹಿಂದೆ ಸರಿಸಿ ಮೇಲಿನ ಕೊಂಬೆಯಾಚೆ ಬೀಸಿದಳು. ಮೂರನೆಯ ಎಸೆತಕ್ಕೆ ಹುರಿ ಕೂತಿತು. ಲಡಿಗಳನ್ನು ತೆಗೆದು, ಹುರಿಗೆ ತಂತಿ ಕಟ್ಟಿ ಎಳೆದರೆ ಅದು ಮೇಲೇರಿತು. ಒಣರೇಷ್ಮೆಯಲ್ಲಿ ವಿದ್ಯುತ್ತು ಹರಿಯದೆಂದು ರಾಯರು ಹಿಗ್ಗಿದರು. ಮದರಾಸಿನವನು ಒಂಬತ್ತೂಮುಕ್ಕಾಲಾದರೂ ಕಾದಿದ್ದ. ಕಟ್ಟ ಕಡ ಸದ್ದಿನಲ್ಲಿ ಬಂದ ಅವನ ಉತ್ತರವನ್ನು ಗಂಗಮ್ಮನಿಗೂ ಕೇಳಿಸಿದೆವು. ಕಿವಿಗೊಟ್ಟು, "ಎರಡು ಊರಾಚೆ ಯಾರೋ ಮಗ್ಗದಾಗೆ ಲಾಳಿ ಹೊಡ್ದಂಗೈತೆ," ಎಂದಳು.

ಈಗಲೂ ಭಾನುವಾರ ಪಟ್ಟಿ ಹಿಡಿದೇ ಹೊರಡುತ್ತೇನೆ. ಆದರೆ ಗಡಿಯಾರ ತೆಗೆಯುವ ಮುನ್ನ ತಂತಿಯ ಆಚೆಯ ತುದಿಯವರೆಗೆ ನಡೆದು, ಅಲ್ಲಿ ಯಾರಿದ್ದಾರೆಂದು ನೋಡಿ, ಇದ್ದರೆ ಎರಡು ಮಾತಾಡಿ ಬರುತ್ತೇನೆ. ಮಾತು ಬೆಳೆದು ತಡವಾಗುವುದುಂಟು. ಆಗಲಿ.