ಬೈಗುಳದಣ್ಣನ ಐದು ಗಂಟೆ

ನಮ್ಮ ಆಕಾಶಬಂದರಿನಲ್ಲಿ ಅವರನ್ನು ಎಲ್ಲರೂ ಬೈಗುಳದಣ್ಣ ಅನ್ನುತ್ತಿದ್ದರು. ಬೆನ್ನ ಹಿಂದೆ ಮಾತ್ರ. ಎದುರಿಗೆ ಅನ್ನುವ ಎದೆಗಾರಿಕೆ ಯಾರಿಗಿತ್ತು? ಮೂವತ್ತೊಂದು ವರ್ಷದಿಂದ ದಿನಾ ಸಂಜೆ ಐದಕ್ಕೆ ಏಳನೇ ಕೋಣೆಗೆ ಹೋಗಿ, ಗೋಡೆಯ ಹಿತ್ತಾಳೆ ಕೊಳವೆಗೆ ಬಾಯಿಟ್ಟು ತಂಗಿಯನ್ನು ಬಯ್ಯುವುದೇ ಅವರ ನೌಕರಿ. ನಾನು ಪಕ್ಕದ ಗಾಜಿನ ಕೋಣೆಯಲ್ಲಿ ಮಾಪಕದ ಮುಳ್ಳು ನೋಡುವವಳು. ಕರೆ ತಲುಪಿದರೆ ಮುಳ್ಳು ಮೇಲೇಳುತ್ತದೆ.

ನಕ್ಷತ್ರಗಳಾಚೆ ಹೋದ ಹಡಗಿಗೆ ರೇಡಿಯೋ ಮುಟ್ಟುವುದಿಲ್ಲ. ಮುಟ್ಟುವುದು ಕರೆಮಂತ್ರ ಒಂದೇ, ಅದೂ ಹಡಗಿನಲ್ಲಿರುವ ಯಾರಾದರೊಬ್ಬರ ಒಡಹುಟ್ಟಿದವರ ಬಾಯಿಂದ. ಒಂದು ಹಡಗಿಗೆ ಕರೆಯುವವರು ಒಬ್ಬರೇ, ನಡುವೆ ಬದಲಾಯಿಸುವಂತಿಲ್ಲ. ಸತತ ಮೂರು ದಿನ ಕರೆ ಮುಟ್ಟದಿದ್ದರೆ ಹಡಗಿಗೆ ಮನೆಯ ದಿಕ್ಕು ತಪ್ಪುತ್ತದೆ, ಮತ್ತೆ ಸಿಗುವುದಿಲ್ಲ. ಇನ್ನೊಂದು ಪೇಚಿದೆ. ಮೊದಲ ದಿನ ಯಾವ ಭಾವದಲ್ಲಿ ಕರೆದಿರೋ ಹಡಗು ಅದನ್ನೇ ಗುರುತಿಟ್ಟುಕೊಳ್ಳುತ್ತದೆ. ಮಾತು ಬದಲಾಗಬಹುದು, ಭಾವ ಬದಲಾಗಬಾರದು. ಹೊಟ್ಟೆ ತುಂಬ ಉಂಡು, ಮನಸ್ಸು ತಿಳಿ ಮಾಡಿಕೊಂಡು ಮೊದಲ ಕರೆಗೆ ಬನ್ನಿ ಎಂದು ಎಲ್ಲರಿಗೂ ಬಾಯಿ ನೋಯುವಷ್ಟು ಹೇಳುತ್ತಾರೆ.

ಬೈಗುಳದಣ್ಣನಿಗೂ ಹೇಳಿದ್ದರಂತೆ, ಆದರೆ ಅವರ ಕಿವಿಗೆ ಬಿದ್ದಿರಲಿಲ್ಲ. ಅಪ್ಪ ಅಮ್ಮ ಇಲ್ಲದ ಎರಡು ಕೋಣೆಯ ಮನೆ, ಅಣ್ಣ ತಂಗಿ ಇಬ್ಬರೇ. ತಂಗಿ ಗುಟ್ಟಾಗಿ ಹಡಗಿಗೆ ಸೇರಿ, ಕರೆಯುವವರ ಜಾಗದಲ್ಲಿ ಅಣ್ಣನ ಹೆಸರನ್ನೂ ಬರೆಸಿ, ಹೊರಡುವ ದಿನ ಬೆಳಿಗ್ಗೆ ಚೀಲ ಹೆಗಲಿಗೇರಿಸಿದ ಮೇಲೆ ವಿಷಯ ತಿಳಿಸಿದ್ದಳು. ಸಂಜೆ ಇವರು ಕೊಳವೆಯೊಳಗೆ ಕಿರುಚಿದ್ದು ಒಂದೇ ಮಾತು: "ಎಲ್ಲಿ ಹಾಳಾಗಿ ಹೋದ್ಯೇ? ಬಾ ಮನೆಗೆ."

ಅಲ್ಲಿಂದ ಶುರುವಾಯಿತು ಬದುಕು. ದಿನಾ ಐದು ಗಂಟೆಗೆ ಸಿಟ್ಟು ಸಿದ್ಧವಿರಬೇಕಲ್ಲ? ಮಧ್ಯಾಹ್ನದ ಊಟ ಬಿಟ್ಟರು. ಕಾಲಿಗೆ ಒಂದು ಅಳತೆ ಚಿಕ್ಕ ಬೂಟು ಹಾಕಿದರು. ಬಸ್ಸಿನಲ್ಲಿ ಕಾಲು ಕೆರೆದು ಜಗಳ ತೆಗೆದರು. ನೆಂಟರು ದೂರವಾದರು. ಒಮ್ಮೆ ಮದುವೆಯ ಮಾತು ಬಂದಾಗ ಹುಡುಗಿ ಇವರಿಗೆ ಬಹಳ ಹಿಡಿಸಿದಳಂತೆ. ಅದಕ್ಕೇ ಬೇಡವೆಂದರು. "ಸಂತೋಷವಾಗಿಬಿಟ್ರೆ ಐದು ಗಂಟೆಗೆ ಏನ್ಮಾಡ್ಲಿ?" ಎಂದು ನನ್ನನ್ನೇ ಕೇಳಿದ್ದರು. ನನಗೆ ನಗು ಬಂತು, ಆಮೇಲೆ ಅಯ್ಯೋ ಅನ್ನಿಸಿತು.

ಹೋದ ತಿಂಗಳು ಅವರು ಮೂರು ದಿನ ಜ್ವರದಲ್ಲೇ ಬಂದು ಕೂಗಿದರು. ಜ್ವರ ಬಿಟ್ಟ ಮೇಲೆ ಸಿಟ್ಟೂ ಬಿಟ್ಟಿತು. ಸೋಮವಾರ ಎಷ್ಟು ಬಯ್ದರೂ ಮುಳ್ಳು ಅಲುಗಲಿಲ್ಲ, ಮಂಗಳವಾರವೂ ಅಷ್ಟೇ. ಬುಧವಾರ ಮೂರನೇ ದಿನ. ಐದೂ ಕಾಲಾದರೂ ಮುಳ್ಳು ಮಲಗೇ ಇತ್ತು. ಐದೂವರೆಗೆ ಕೊಳವೆ ಮುಚ್ಚುತ್ತದೆ. ಎದ್ದು ಅವರ ಕೋಣೆಗೇ ಹೋದೆ.

"ಕೋಪಾನೇ ಬರ್ತಿಲ್ಲ ಕಣಮ್ಮ," ಎಂದರು. "ಪಾಪ, ಸಣ್ಣ ಹುಡುಗಿ, ಆಸೆ ಪಟ್ಟು ಹೋದ್ಲು ಅನ್ನಿಸುತ್ತೆ."

ಬಾಯಿಗೆ ಬಂದದ್ದು ಕೇಳಿದೆ. "ಜ್ವರ ಬಂದಾಗ ಯಾರಣ್ಣ ನೋಡ್ಕೊಂಡಿದ್ದು?"

"ಯಾರಿದಾರೆ?"

"ಕುಡಿಯೋಕೆ ನೀರು?"

"ನಾನೇ ಎದ್ದು..." ಎಂದವರು ಅಲ್ಲಿಗೇ ನಿಲ್ಲಿಸಿದರು. ನಿಧಾನವಾಗಿ ಕೊಳವೆಯ ಕಡೆ ತಿರುಗಿದರು. ಈ ಸಲ ಕಿರುಚಲಿಲ್ಲ.

"ಒಂದ್ ಲೋಟ ನೀರು ಕೊಡೋರು ಇರ್ಲಿಲ್ಲ ಕಣೇ. ರಾತ್ರಿ ತೆವಳ್ಕೊಂಡು ಹೋಗಿ ಕುಡಿದೆ. ಇವನು ಒಬ್ಬನೇ ಏನ್ಮಾಡ್ತಾನೆ ಅಂತ ಒಂದ್ಸಲನಾದ್ರೂ ಅನ್ನಿಸ್ಲಿಲ್ವಾ ನಿಂಗೆ?"

ಗಾಜಿನಾಚೆ ಮುಳ್ಳು ಎದ್ದಿತು. ನನ್ನ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಅದು ಅಷ್ಟು ಮೇಲೆ ಹೋದದ್ದನ್ನು ಕಂಡಿರಲಿಲ್ಲ. ಮೊದಲ ದಿನದ ಆ ಕಿರುಚಾಟದ ಅಡಿಯಲ್ಲಿದ್ದದ್ದೂ ಇದೇ ಇರಬೇಕು.

"ಮುಟ್ಟಿತು ಅಣ್ಣ," ಎಂದೆ. ಅವರು ಮುಖ ಒರೆಸಿಕೊಂಡರು.

"ಹಾಗಾದ್ರೆ ನಾನಿನ್ನೂ ಅವಳನ್ನ ಕ್ಷಮಿಸಿಲ್ಲ."

"ಒಳ್ಳೇದೇ ಆಯ್ತಲ್ಲ," ಎಂದು ನಾಲಿಗೆ ಕಚ್ಚಿಕೊಂಡೆ. ಆ ಮುಖ ನೋಡಲಾಗಲಿಲ್ಲ. "ಇವತ್ತು ನಮ್ಮನೆಗೆ ಊಟಕ್ಕೆ ಬನ್ನಿ ಅಣ್ಣ. ಮಕ್ಕಳೂ ಇದಾರೆ. ಒಬ್ರೇ ಹೋಗಿ ಏನ್ಮಾಡ್ತೀರ?"

ಅವರು ಬಾಗಿಲವರೆಗೆ ನನ್ನ ಜೊತೆಯೇ ಬಂದರು. ಬರುವ ಮನಸ್ಸಿತ್ತು, ನನಗೆ ಗೊತ್ತಾಯಿತು.

"ಬೇಡ ಕಣಮ್ಮ," ಎಂದರು. "ನಾಳೆನೂ ಅವಳನ್ನ ಕೂಗ್ಬೇಕಲ್ಲ."